ಸಂಸ್ಕಾರಕಗಳು ಹಲವು, ದಾರಿ ಒಂದೇ

ನ್ಯಾಯಾಲಯವೊಂದರಲ್ಲಿ ನ್ಯಾಯಾಧೀಶರನ್ನು ನಾಲ್ವರಿಂದ ಎಂಟು ಮಂದಿಗೆ ಏರಿಸಿ, ದಾಖಲೆ ಕೋಣೆಯನ್ನೂ ಅಲ್ಲಿನ ಒಬ್ಬನೇ ಗುಮಾಸ್ತನನ್ನೂ ಹಾಗೆಯೇ ಉಳಿಸಿದರೆ ವ್ಯಾಜ್ಯಗಳು ಇಮ್ಮಡಿ ವೇಗದಲ್ಲಿ ತೀರ್ಮಾನವಾಗುವುದಿಲ್ಲ. ಪೀಠದಲ್ಲಿರುವವರು ಕಡತಕ್ಕಾಗಿ ಕಾಯುತ್ತಾರೆ. ಗಣಕ ಸಮೂಹಗಳ ತೊಡಕೂ ಬಹುಮಟ್ಟಿಗೆ ಇದೇ.

1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು ಪೇಟೆಯಲ್ಲಿ ದೊರೆಯುವ 16 ಸಂಸ್ಕಾರಕಗಳನ್ನು ಈಥರ್‌ನೆಟ್ ಜಾಲದಿಂದ ಬೆಸೆದು ‘ಬೇವುಲ್ಫ್’ ಸಮೂಹವನ್ನು ಕಟ್ಟಿದರು. ಮಹಾಗಣಕವನ್ನು ಕೊಳ್ಳಲಾರದ ಸಂಸ್ಥೆಗಳಿಗೆ ಇದು ಹೊಸ ಹಾದಿಯನ್ನು ತೋರಿತು. ಅಂದು ಪೆಟ್ಟಿಗೆಗೊಂದು ಸಂಸ್ಕಾರಕ. ಇಂದು ‘ನೋಡ್’ ಎನಿಸಿಕೊಳ್ಳುವ ಒಂದೇ ಪೆಟ್ಟಿಗೆಯಲ್ಲಿ ಗಣಿಸುವ ತಿರುಳುಗಳು ಹತ್ತಾರು. ಆದರೆ ಸಂಖ್ಯೆ ಏರಿದಷ್ಟೂ ವೇಗ ಏರುವುದೆಂಬ ನಂಬಿಕೆ ನಿಲ್ಲುವಂಥದಲ್ಲ.

ಮೊದಲ ಮಿತಿಯನ್ನು 1967ರಲ್ಲಿಯೇ ಜೀನ್ ಆಮ್‌ಡಾಲ್ ಎತ್ತಿ ತೋರಿದ್ದರು. ಕೆಲಸದ ಹತ್ತನೆಯ ಒಂದು ಪಾಲು ಹಂಚಿಕೊಳ್ಳಲಾಗದ್ದಾದರೆ, 16 ಸಂಸ್ಕಾರಕಗಳಿಂದ ದೊರೆಯುವ ವೇಗ ಹೆಚ್ಚೆಂದರೆ 6.4 ಪಟ್ಟು, ಸಾವಿರವಿದ್ದರೂ ಹತ್ತು ಪಟ್ಟು ಮುಟ್ಟದು.

ಎರಡನೆಯ ಮಿತಿ ಸ್ಮೃತಿಯದು. ಒಂದೇ ನೋಡಿನ ತಿರುಳುಗಳು ಸ್ಮೃತಿಗೆ ಹೋಗುವ ದಾರಿಯನ್ನು ಹಂಚಿಕೊಳ್ಳುತ್ತವೆ. ದತ್ತಾಂಶವನ್ನು ಹೇರಳವಾಗಿ ಬೇಡುವ ಲೆಕ್ಕದಲ್ಲಿ ಕೆಲವೇ ತಿರುಳುಗಳು ಆ ದಾರಿಯನ್ನು ತುಂಬಿಬಿಡುತ್ತವೆ. ಉಳಿದವು ವಿದ್ಯುತ್ತನ್ನು ವ್ಯಯಿಸುತ್ತ ಕಾಯುತ್ತವೆ.

ಎರಡು ಸಂಸ್ಕಾರಕಗಳಿರುವ ನೋಡಿನಲ್ಲಿ ಪ್ರತಿಯೊಂದಕ್ಕೂ ತನ್ನ ಬದಿಯ ಸ್ಮೃತಿ ಸಮೀಪ, ಇನ್ನೊಂದರದು ದೂರ. ಲಿನಕ್ಸ್ ವ್ಯವಸ್ಥೆಯಲ್ಲಿ ಸ್ಮೃತಿಯ ಪುಟವನ್ನು ಯಾವ ಸಂಸ್ಕಾರಕ ಮೊದಲು ಮುಟ್ಟುವುದೋ ಸಾಮಾನ್ಯವಾಗಿ ಅದರ ಬದಿಯಲ್ಲೇ ಆ ಪುಟ ನೆಲೆಸುತ್ತದೆ. ಆರಂಭದ ಸೊನ್ನೆಗಳನ್ನೆಲ್ಲ ಒಂದೇ ತಿರುಳಿನಿಂದ ಬರೆಯಿಸಿದರೆ ಆಸ್ತಿಯೆಲ್ಲ ಒಬ್ಬನ ಹೆಸರಿಗೆ ನೋಂದಾವಣೆಯಾದಂತೆ. ಉಳಿದವರು ಅವನ ಬಾಗಿಲಲ್ಲಿ ನಿಲ್ಲಬೇಕು. ಮುಂದೆ ಯಾರು ಗಣಿಸುವರೋ ಅವರೇ ಮೊದಲು ಬರೆಯುವಂತೆ ಮಾಡುವುದು, ಕೆಲಸವು ತಿರುಳಿನಿಂದ ತಿರುಳಿಗೆ ಅಲೆಯದಂತೆ ಕಟ್ಟಿಹಾಕುವುದು ಇದಕ್ಕೆ ಪರಿಹಾರ.

ನೋಡುಗಳ ನಡುವೆ ಸಂದೇಶ ಸಾಗಿಸಲು 1994ರ ಎಂಪಿಐ, ನೋಡಿನೊಳಗೆ ಕೆಲಸ ಹಂಚಲು 1997ರ ಓಪನ್‌ಎಂಪಿ ಎಂಬ ಮಾನಕಗಳಿವೆ. ಸಂಸ್ಕಾರಕಕ್ಕೊಂದು ಎಂಪಿಐ ಪ್ರಕ್ರಿಯೆ, ಅದರ ತಿರುಳುಗಳಿಗೆ ಓಪನ್‌ಎಂಪಿ ಎಂಬ ಮಿಶ್ರ ಕ್ರಮ ಅನೇಕ ಕಡೆ ಫಲ ನೀಡುತ್ತದೆ. ಎಲ್ಲ ಕಡೆಯೂ ಅಲ್ಲ.

ಆದುದರಿಂದ ಸಮೂಹ ಕಟ್ಟಹೊರಟ ಸಂಸ್ಥೆಗಳು ವ್ಯಾಪಾರಿಯ ಪಟ್ಟಿಯನ್ನೇ ಸಾಕ್ಷ್ಯವೆಂದು ಅಂಗೀಕರಿಸಬಾರದು. ತಮ್ಮದೇ ಲೆಕ್ಕವನ್ನು 1, 2, 4, 8 ತಿರುಳುಗಳ ಮೇಲೆ ನಡೆಸಿ ಕಾಲವನ್ನು ಅಳೆಯಲಿ. ಎಂಟಕ್ಕೂ ನಾಲ್ಕಕ್ಕೂ ಅಂತರವಿಲ್ಲವಾದರೆ ಕೊರತೆಯಿರುವುದು ತಿರುಳುಗಳ ಸಂಖ್ಯೆಯಲ್ಲಲ್ಲ, ದಾರಿಯಲ್ಲಿ ಅಥವಾ ಹಂಚಿಕೆಯಲ್ಲಿ. ಆ ತೀರ್ಪು ಹಣ ತೆರುವ ಮೊದಲೇ ಕೈಸೇರುವುದು ಲೇಸು.