ಮುಂಬಯಿ-ಗೋವಾ ಹೆದ್ದಾರಿ ಏಕೆ ಮುಗಿಯುವುದಿಲ್ಲ?

ಮೊಂತಿ ಹಬ್ಬಕ್ಕೋ ಕ್ರಿಸ್ಮಸಿಗೋ ಮುಂಬಯಿಯಿಂದ ಊರಿಗೆ ಬರುವ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಕಡಲ ಬದಿಯಲ್ಲೇ ನೇರ ದಾರಿ ಇರುವಾಗ ಅನೇಕ ಬಸ್ಸುಗಳು ಪುಣೆ, ಕೊಲ್ಲಾಪುರ ಸುತ್ತಿಕೊಂಡು ಬರುವುದೇಕೆ?

ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಈ ರಸ್ತೆಯನ್ನು ನಾವು ರಾಷ್ಟ್ರೀಯ ಹೆದ್ದಾರಿ 17 ಎಂದೇ ಕರೆಯುತ್ತಿದ್ದೆವು. 2010ರಲ್ಲಿ ಅದು 66 ಆಯಿತು. ಪನ್ವೇಲ್ ಬಳಿಯ ಪಳಸ್ಪೆಯಿಂದ ಇಂದಾಪುರದವರೆಗಿನ 84 ಕಿ.ಮೀ. ಚತುಷ್ಪಥ ಕಾಮಗಾರಿ 2011ರಲ್ಲಿ ಆರಂಭವಾಯಿತು. 2014ರಲ್ಲಿ ಮುಗಿಯಬೇಕಿತ್ತು. ಆ ಗಡುವಿನ ನಂತರ ಎಷ್ಟು ಗಡುವುಗಳು ಬಂದವೋ! ನಮ್ಮ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ತೆರೆಯುವಷ್ಟರಲ್ಲಿ ಅದರ ಬಗೆಗಿನ ಜೋಕುಗಳೇ ಹಳತಾಗಿದ್ದವು. ಇದು ಅದಕ್ಕೂ ದೊಡ್ಡಣ್ಣ.

ಘಟ್ಟ, ಮಳೆ ಕಾರಣವೆಂದು ಹೇಳುವುದುಂಟು. ನಮಗೆ ಅದು ಪೂರ್ತಿ ಒಪ್ಪಿಗೆಯಾಗದು. ಇದೇ ಗುಡ್ಡಗಳನ್ನು ಕೊರೆದು, ಇದೇ ಮಳೆಯಲ್ಲಿ, ಕೊಂಕಣ ರೈಲು 1990ರಿಂದ 1998ರೊಳಗೆ ರೋಹಾದಿಂದ ಮಂಗಳೂರಿಗೆ ಸುಮಾರು 740 ಕಿ.ಮೀ. ಬಂದು ಮುಟ್ಟಿತು. ಒಂದು ಕಾಲಕ್ಕೆ ಸೆಮಿನರಿ ವಿದ್ಯಾರ್ಥಿಯಾಗಿದ್ದ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ ಅದಕ್ಕೆ ಚಾಲನೆ ಸಿಕ್ಕಿತು, ಇ. ಶ್ರೀಧರನ್ ನೇತೃತ್ವದ ಒಂದೇ ನಿಗಮ ಹೊಣೆ ಹೊತ್ತಿತು. ಹೆದ್ದಾರಿಯ ಹೊಣೆ ಹಾಗಿರಲಿಲ್ಲ. ಇಂದಾಪುರದವರೆಗೆ ಹೆದ್ದಾರಿ ಪ್ರಾಧಿಕಾರ, ಮುಂದಕ್ಕೆ ರಾಜ್ಯದ ಲೋಕೋಪಯೋಗಿ ಇಲಾಖೆ, ಅದರೊಳಗೂ ಹಲವು ತುಂಡು, ಹಲವು ಗುತ್ತಿಗೆದಾರರು. ಒಬ್ಬ ಗುತ್ತಿಗೆದಾರನ ಕೈ ಬರಿದಾದರೆ ಅಲ್ಲಿಗೆ ರಸ್ತೆ ನಿಂತಿತು. ಕೊಂಕಣದ ಜಮೀನಿನ ಕಥೆ ನಮ್ಮ ಕಡೆಯಂತೆಯೇ: ಹತ್ತು ಸೆಂಟ್ಸಿಗೆ ಹತ್ತು ವಾರಸುದಾರರು, ಅರ್ಧ ಜನ ಮುಂಬಯಿಯಲ್ಲಿ. ಸಾಲದ್ದಕ್ಕೆ ಕರ್ನಾಳಾ ಪಕ್ಷಿಧಾಮ ದಾರಿಯಲ್ಲೇ ಇದೆ. ಅರಣ್ಯದ ಅನುಮತಿಗೂ ಕಾಯಬೇಕು. ವಾಹನಗಳನ್ನು ಓಡಿಸುತ್ತಲೇ ರಸ್ತೆ ಅಗಲಿಸಬೇಕಾದ ಕಷ್ಟವನ್ನೂ ಅಲ್ಲಗಳೆಯಲಾಗದು.

ಈ ರಸ್ತೆಯಲ್ಲಿ ನಡೆದ ದುರಂತವೊಂದನ್ನು ಇಲ್ಲಿ ನೆನೆಯಬೇಕು. 2016ರ ಆಗಸ್ಟ್ 2ರ ರಾತ್ರಿ ಮಹಾಡ್ ಬಳಿ ಸಾವಿತ್ರಿ ನದಿ ಉಕ್ಕಿ ಹರಿಯುತ್ತಿತ್ತು. ಪಕ್ಕದಲ್ಲೇ ಹೊಸ ಸೇತುವೆ ಇದ್ದರೂ ಮುಂಬಯಿ ಕಡೆಗಿನ ವಾಹನಗಳು ಬ್ರಿಟಿಷರ ಕಾಲದ ಕಲ್ಲಿನ ಸೇತುವೆಯ ಮೇಲೆಯೇ ಹೋಗುತ್ತಿದ್ದವು. ಅದು ಕುಸಿಯಿತು. ಕತ್ತಲಲ್ಲಿ ತಿಳಿಯದೆ ಬಂದ ಎರಡು ಸರಕಾರಿ ಬಸ್ಸುಗಳು, ಬೇರೆ ವಾಹನಗಳು ಹೊಳೆಪಾಲಾದವು. ಕೆಲವರ ಶವ ಬಹುದೂರ ಸಿಕ್ಕಿತು, ಕೆಲವರದು ಸಿಗಲೇ ಇಲ್ಲ. ಆ ಬಳಿಕ ಹೊಸ ಸೇತುವೆಯನ್ನು ಕಟ್ಟಿದ್ದು ಬರೇ 165 ದಿನಗಳಲ್ಲಿ! 2017ರ ಜೂನ್‌ನಲ್ಲಿ ಅದು ಸಂಚಾರಕ್ಕೆ ತೆರೆಯಿತು.

ಸಿಂಧುದುರ್ಗ ಜಿಲ್ಲೆಯ ಭಾಗ ಬೇಗನೆ ಮುಗಿದಿತ್ತು. 2023ರ ಚೌತಿಯ ಹೊತ್ತಿಗೆ ಕಶೇಡಿ ಘಟ್ಟದ ಸುಮಾರು 2 ಕಿ.ಮೀ. ಸುರಂಗದ ಒಂದು ಬದಿ ತೆರೆಯಿತು. ಆದರೆ ಇಂದಾಪುರ ಮತ್ತು ಮಾಣಗಾಂವ್ ಪೇಟೆಗಳ ಬೈಪಾಸ್ 2025ರಲ್ಲೂ ಅರ್ಧಕ್ಕೇ ನಿಂತಿತ್ತು. ಆ ವರ್ಷವೂ ಹಬ್ಬಕ್ಕೆ ಹೊರಟವರು ಮಾಣಗಾಂವ್ ಪೇಟೆಯ ನಡುವೆ ಸಾಲುಗಟ್ಟಿ ಕಾದರು.