ಆನ್‌ಲೈನ್ ಪದವಿ ಮತ್ತು ಉದ್ಯೋಗ: ಶುಲ್ಕ ಕಟ್ಟುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಸಮೀರವಾಡಿ ಸುತ್ತಲಿನ ಮುಧೋಳ, ಜಮಖಂಡಿ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳಲ್ಲಿ ಮಕ್ಕಳ ಶಿಕ್ಷಣದ ಶುಲ್ಕವು ಕಬ್ಬಿನ ಬಿಲ್ಲನ್ನೇ ಅವಲಂಬಿಸಿರುತ್ತದೆ. ಹೊಲದ ಕೆಲಸ ನೋಡಿಕೊಳ್ಳುತ್ತಲೇ ಪಡೆಯಬಹುದಾದ ಆನ್‌ಲೈನ್ ಪದವಿ ಇಂತಹ ಕುಟುಂಬಗಳಿಗೆ ಅನುಕೂಲಕರವೆನಿಸುವುದು ಸಹಜ. ಆದರೆ ಉದ್ಯೋಗದಾತರು ಅದನ್ನು ಹೇಗೆ ಪರಿಗಣಿಸುತ್ತಾರೆ ಎಂಬುದು ನಿಮ್ಮ ಮಗ ಅಥವಾ ಮಗಳು ಬಯಸುವ ಹುದ್ದೆಯನ್ನು ಅವಲಂಬಿಸಿದೆ.

ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಮತ್ತು ದೂರಶಿಕ್ಷಣ ಪದವಿಗಳು ಕಾಲೇಜಿನಲ್ಲಿ ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಕಚೇರಿ, ಲೆಕ್ಕಪತ್ರ ವಿಭಾಗಗಳ ಹುದ್ದೆಗಳಿಗೆ ಬಿ.ಕಾಂ., ಬಿ.ಸಿ.ಎ.ಯಂತಹ ಪದವಿಯನ್ನು ಆನ್‌ಲೈನ್‌ನಲ್ಲಿ ಪಡೆಯುವುದರಲ್ಲಿ ತಪ್ಪಿಲ್ಲ. ಆದರೂ ಖಾಸಗಿ ಸಂಸ್ಥೆಗಳು ಪ್ರಮಾಣಪತ್ರವನ್ನಷ್ಟೇ ನೋಡುವುದಿಲ್ಲ. ಟ್ಯಾಲಿ, ಎಕ್ಸೆಲ್ ಬಲ್ಲರೇ, ಎಲ್ಲಿಯಾದರೂ ಕೆಲಸ ಮಾಡಿದ್ದಾರೆಯೇ ಎಂದು ಸಂದರ್ಶನದಲ್ಲಿ ವಿಚಾರಿಸುವುದುಂಟು.

ಕೃಷಿ ಪದವಿಯ ವಿಷಯವೇ ಬೇರೆ. ಕೃಷಿ ಮತ್ತು ತೋಟಗಾರಿಕೆ ಪದವಿಗಳನ್ನು ಆನ್‌ಲೈನ್ ಅಥವಾ ದೂರಶಿಕ್ಷಣದ ಮೂಲಕ ನೀಡುವುದನ್ನು ಯುಜಿಸಿ ನಿಷೇಧಿಸಿದೆ. ಇದು ಉದ್ಯೋಗದಾತರ ಪೂರ್ವಗ್ರಹವಲ್ಲ. ಮಣ್ಣು ಪರೀಕ್ಷೆ, ಕೀಟ ಗುರುತಿಸುವಿಕೆ, ಹಳ್ಳಿಯಲ್ಲಿದ್ದು ಪಡೆಯುವ ಗ್ರಾಮೀಣ ಕೃಷಿ ಕಾರ್ಯಾನುಭವ ಇವು ಪರದೆಯ ಮೇಲೆ ಕಲಿಯುವಂಥವಲ್ಲ. ಬಿ.ಎಸ್ಸಿ. (ಕೃಷಿ) ಪದವಿಯನ್ನು ಮನೆಯಲ್ಲೇ ಕುಳಿತು ಪಡೆಯಬಹುದೆಂದು ಯಾರಾದರೂ ಹೇಳಿದರೆ ಹಣ ಕಟ್ಟಬೇಡಿ. ಕೃಷಿ ಪದವಿ ಕಡ್ಡಾಯವಾದ ಹುದ್ದೆಗೆ, ಅದು ಸರ್ಕಾರದ್ದಿರಲಿ, ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದ್ದಿರಲಿ, ಅಂತಹ ಪ್ರಮಾಣಪತ್ರ ನಡೆಯದು. ಅಲ್ಪಾವಧಿಯ ಆನ್‌ಲೈನ್ ತರಬೇತಿಗಳು ತಿಳಿವಳಿಕೆಗೆ ಉಪಯುಕ್ತವಾದರೂ ಪದವಿಗೆ ಪರ್ಯಾಯವಲ್ಲ.

ಸಂಸ್ಥೆಯ ಹೆಸರು ದೊಡ್ಡದೆಂಬ ಕಾರಣಕ್ಕೂ ನಿಶ್ಚಿಂತರಾಗಬಾರದು. ಮಾನ್ಯತೆಯನ್ನು ಆಯಾ ಕೋರ್ಸಿಗೆ, ಆಯಾ ಶೈಕ್ಷಣಿಕ ವರ್ಷಕ್ಕೆ ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಕೆಲವು ವರ್ಷ ಮಾನ್ಯತೆ ಇರಲಿಲ್ಲ. 2018ರಲ್ಲಿ ಅದು ಮರಳಿ ದೊರೆಯಿತು. ನಡುವಿನ ಅವಧಿಯಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳು ಪದವಿಯ ಸಿಂಧುತ್ವಕ್ಕಾಗಿ ಬಹಳ ಪರದಾಡಬೇಕಾಯಿತು. ಯುಜಿಸಿಯ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ಮಾನ್ಯತೆ ಪಡೆದ ಸಂಸ್ಥೆ ಹಾಗೂ ಕೋರ್ಸುಗಳ ಪಟ್ಟಿ ಲಭ್ಯವಿದೆ. ಪ್ರವೇಶದ ವರ್ಷದ ಪಟ್ಟಿಯಲ್ಲಿ ಕೋರ್ಸಿನ ಹೆಸರನ್ನು ನೀವೇ ಹುಡುಕಿ ನೋಡಿ. ಏಜೆಂಟರು ತೋರಿಸುವ ಪ್ರತಿಯನ್ನು ನಂಬಬೇಡಿ.

ಈಗಾಗಲೇ ಗೊಬ್ಬರ, ಕೀಟನಾಶಕದ ಅಂಗಡಿ ನಡೆಸುತ್ತಿರುವವರಿಗೆ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ರೂಪಿಸಿದ 'ದೇಸಿ' ಡಿಪ್ಲೊಮಾ ಇದೆ. ಒಂದು ವರ್ಷದ ಈ ಕೋರ್ಸಿನಲ್ಲಿ ತರಗತಿಗಳ ಜೊತೆಗೆ ಕ್ಷೇತ್ರ ಭೇಟಿಗಳೂ ಇರುತ್ತವೆ. ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿ.