ನಾಯಿ, ಬೆಕ್ಕು, ಕೂಸು ಮತ್ತು ಗಡಿಯಾರ

ಮೊಮ್ಮಗಳು ಅಂಬೆಗಾಲು ಇಡೋಕೆ ಶುರು ಮಾಡಿದ ದಿನವೇ ನಮ್ಮ ಮನೆಗೆ ಎರಡು ಲೀಟರ್ ಕರಿ ಫಿನಾಯಿಲ್ ಬಂತು. ತಂದವನು ನಾನೇ. ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದು ಹಳೇ ಮನೆ, ಕಡಪಾ ಕಲ್ಲಿನ ನೆಲ. ಬೀದಿಯಿಂದ ಬಂದು ಇಲ್ಲೇ ಉಳಿದ ರಾಜ ಎಂಬ ನಾಯಿ ಇದೆ, ಚಿನ್ನಿ ಎಂಬ ಬೆಕ್ಕು ಇದೆ. ಅವೆರಡೂ ಓಡಾಡಿದ ನೆಲದ ಮೇಲೆ ಎಂಟು ತಿಂಗಳ ಕೂಸು ಹರಿದಾಡಬೇಕು. ಬಾಟಲಿಯ ಮೇಲೆ ಒಂದು ಮುಚ್ಚಳ ಅಂತ ಬರೆದಿತ್ತು. ನಾನು ಧಾರಾಳವಾಗಿ ನಾಲ್ಕು ಮುಚ್ಚಳ ಸುರಿದು ಪಡಸಾಲೆಯನ್ನೆಲ್ಲ ಒರೆಸಿದೆ. ಮನೆ ಆಸ್ಪತ್ರೆಯ ಹಾಗೆ ಗಮ್ಮೆಂದಿತು.

ಮಧ್ಯಾಹ್ನದ ಹೊತ್ತಿಗೆ ಚಿನ್ನಿಯ ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ನಡೆದರೆ ವಾಲುತ್ತಿತ್ತು. ಕಾಲು ಮೂಸಿದೆ, ಫಿನಾಯಿಲ್ ವಾಸನೆ. ಒದ್ದೆ ನೆಲದ ಮೇಲೆ ನಡೆದು ಬಂದು, ಅಭ್ಯಾಸದಂತೆ ಕಾಲು ನೆಕ್ಕಿಕೊಂಡಿತ್ತು. ಸೋಪಿನ ನೀರಲ್ಲಿ ನಾಲ್ಕೂ ಕಾಲು ತೊಳೆದು ಪಶುವೈದ್ಯರ ಹತ್ತಿರ ಓಡಿದೆ. ಉಳಿಯಿತು.

ನಾಚಿಕೆಯ ಸಂಗತಿ ಏನೆಂದರೆ, ಪಶುವೈದ್ಯಕೀಯ ಪರೀಕ್ಷಕನಾಗಿ ಮೂವತ್ತು ವರ್ಷ ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿ ಸುತ್ತಿ ನಿವೃತ್ತನಾದವನು ನಾನು. ಫಿನಾಯಿಲಿನಲ್ಲಿರುವ ಫೀನಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಸೋಂಕುನಾಶಕಗಳಲ್ಲೂ ಹಲವು ಬೆಕ್ಕಿಗೆ ಹೀಗೇ ವಿಷ. ನನ್ನ ಹೆಂಡತಿ ಒಂದೇ ಮಾತು ಅಂದಳು: "ಬೆಕ್ಕು ಕಾಲು ನೆಕ್ಕಿತು, ನಾಳೆ ಕೂಸು ಕೈ ಚೀಪ್ತೈತಿ. ಎರಡಕ್ಕೂ ನೆಲ ಒಂದೇ ಅಲ್ಲೇನು?"

ಅವತ್ತಿನಿಂದ ನಾನು ವಾಸನೆಯನ್ನು ನಂಬುವುದು ಬಿಟ್ಟೆ. ಪ್ರಾಣಿ ಮತ್ತು ಕೂಸು ಒಟ್ಟಿಗಿರುವ ಮನೆಯಲ್ಲಿ ಸ್ವಚ್ಛತೆ ಅಂದರೆ ಹೊತ್ತಿನ ಲೆಕ್ಕ. ಯಾವುದನ್ನು ಎಷ್ಟು ಹೊತ್ತಿನೊಳಗೆ ಎತ್ತಿದೆವು, ಎಷ್ಟು ಹೊತ್ತು ತೊಳೆದೆವು, ಯಾವ ತಾರೀಖಿಗೆ ಮಾತ್ರೆ ಕೊಟ್ಟೆವು, ಇಷ್ಟೇ.

ಹೇಲಿಗೂ ಒಂದು ಗಡಿಯಾರ

ನಾಯಿಮರಿಗಳಲ್ಲಿ ಹೆಚ್ಚಿನವು ದುಂಡುಹುಳುವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟುತ್ತವೆ. ಟಾಕ್ಸೊಕಾರಾ ಎಂಬ ಈ ಹುಳುವಿನ ಮರಿ, ನಾಯಿಮರಿ ತಾಯಿಯ ಗರ್ಭದಲ್ಲಿರುವಾಗಲೇ ಅದಕ್ಕೆ ದಾಟುತ್ತದೆ. ಅದರ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಬರುತ್ತದೆ. ಆದರೆ ಬಿದ್ದ ಕೂಡಲೇ ಅದು ಯಾರಿಗೂ ಅಂಟುವುದಿಲ್ಲ. ಮೊಟ್ಟೆಯೊಳಗೆ ಮರಿ ಬಲಿಯಲು ಮಣ್ಣಿನಲ್ಲಿ ಸುಮಾರು ಎರಡರಿಂದ ನಾಲ್ಕು ವಾರ ಬೇಕು. ಬಲಿತ ಮೇಲೆ ಆ ಮಣ್ಣು ಕೂಸಿನ ಬಾಯಿಗೆ ಹೋದರೆ ಮರಿಹುಳು ಪಿತ್ತಜನಕಾಂಗ, ಶ್ವಾಸಕೋಶ, ಅಪರೂಪಕ್ಕೆ ಕಣ್ಣಿನ ತನಕ ಅಲೆಯುತ್ತದೆ. ಹಾಗಾಗಿ ಅಂಗಳದ ಹೇಲನ್ನು ಅಂದಂದೇ ಎತ್ತಿ ಆಳವಾಗಿ ಹೂತವನ ಮನೆಯಲ್ಲಿ ಈ ಹುಳುವಿನ ಆಟ ಅಲ್ಲಿಗೇ ಮುಗಿಯಿತು. ಬಿಟ್ಟವನಿಗೆ ಫಿನಾಯಿಲ್ಲೂ ನೆರವಾಗದು, ಬ್ಲೀಚಿಂಗ್ ಪುಡಿಯೂ ನೆರವಾಗದು. ಮೊಟ್ಟೆಯ ಚಿಪ್ಪು ಅಷ್ಟು ಗಟ್ಟಿ. ಕುದಿಯುವ ನೀರಿಗಾದರೆ ಸೋಲುತ್ತದೆ.

ಬೆಕ್ಕಿನ ಗಡಿಯಾರ ಇನ್ನೂ ಬೇಗ ಓಡುತ್ತದೆ. ಇಲಿ ಹಿಡಿದು ತಿಂದ ಬೆಕ್ಕಿಗೆ ಟಾಕ್ಸೊಪ್ಲಾಸ್ಮಾ ತಗುಲಬಹುದು. ಹೆಚ್ಚಿನ ಬೆಕ್ಕುಗಳು ಜೀವಮಾನದಲ್ಲಿ ಒಮ್ಮೆ, ಒಂದರಿಂದ ಮೂರು ವಾರ ಮಾತ್ರ ಅದನ್ನು ಹೇಲಿನಲ್ಲಿ ಹೊರಹಾಕುತ್ತವೆ. ಹೊರಬಿದ್ದದ್ದು ಸೋಂಕು ಹತ್ತಿಸುವಷ್ಟು ಬಲಿಯಲು ಒಂದರಿಂದ ಐದು ದಿನ. ಬೆಕ್ಕು ಹೇಲುವ ಮರಳಿನ ತಟ್ಟೆಯನ್ನು ದಿನಾ ಖಾಲಿ ಮಾಡಿದರೆ ಅದಕ್ಕೆ ಬಲಿಯಲು ಪುರುಸೊತ್ತೇ ಸಿಗುವುದಿಲ್ಲ. ಬಸುರಿ ಹೆಂಗಸರು ಮಾತ್ರ ಈ ಕೆಲಸ ಮುಟ್ಟಬಾರದು. ಈ ಸೋಂಕು ಹೊಸದಾಗಿ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಣ್ಣಿಗೆ, ಮೆದುಳಿಗೆ ಕುತ್ತು. ನಮ್ಮ ಮನೆಯಲ್ಲಿ ಮಗಳು ಬಸುರಿಯಾದ ದಿನದಿಂದ ಚಿನ್ನಿಯ ತಟ್ಟೆ ನನ್ನ ಪಾಲಿಗೆ ಬಿತ್ತು. ಇವತ್ತಿಗೂ ಬೆಳಿಗ್ಗೆ ಚಹಾಕ್ಕೆ ಮುಂಚೆ ಅದೇ ಮೊದಲ ಕೆಲಸ.

ಬಳ್ಳಾರಿಯ ಬಿಸಿಲನ್ನು ಬೈಯದವರಿಲ್ಲ. ಈ ವಿಷಯದಲ್ಲಿ ಮಾತ್ರ ಅದು ನಮ್ಮ ನೆಂಟ. ಹುಳುವಿನ ಮೊಟ್ಟೆ ನೆರಳಿನ ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕೀತು, ಸುಡುಬಿಸಿಲಿನ ಒಣ ನೆಲದಲ್ಲಿ ಬಾಳದು. ನಾಯಿ ಮಲಗುವ ಗೋಣಿ, ಕೂಸಿನ ಕೌದಿ, ಚಾಪೆ ಎಲ್ಲವನ್ನೂ ಮಾಳಿಗೆಯ ಮೇಲೆ ಹಾಕಿ ಮಗುಚಿ ಮಗುಚಿ ಒಣಗಿಸಿ. ಚಿಗಟವೂ ಹೋಗುತ್ತದೆ. ಕಾಸಿಲ್ಲದ ಔಷಧ. ಮನೆಯ ಹಿಂದಿನ ಬಚ್ಚಲ ಮೋರಿಯ ಪಕ್ಕ, ಬಾಳೆಯ ಬುಡ, ಕೂಸು ಆಡುವ ಮರಳು ರಾಶಿ, ಇಂಥ ತಂಪು ಜಾಗದ ಮೇಲೆ ಕಣ್ಣಿರಲಿ.

ಕೋಳಿ ತಿಂದದ್ದನ್ನು ಕೂಸೂ ತಿಂದಾಗ

ಸಾಕುಪ್ರಾಣಿ ಅಂದ ಕೂಡಲೇ ಪೇಟೆಯವರಿಗೆ ನಾಯಿ ಬೆಕ್ಕು ನೆನಪಾಗುತ್ತವೆ. ನಾನು ಕೆಲಸ ಮಾಡಿದ ಊರುಗಳಲ್ಲಿ ಕೂಸಿನ ಜೊತೆಗಾರರು ಆಡು, ಕುರಿ, ಕೋಳಿ, ಎಮ್ಮೆಕರು. ಇದು ನಿನ್ನೆ ಮೊನ್ನೆಯದಲ್ಲ. ಬಳ್ಳಾರಿಯ ಸುತ್ತ ಕುಡತಿನಿ, ಕಪ್ಪಗಲ್ಲಿನ ಕಡೆ ಬೂದಿದಿಬ್ಬಗಳಿವೆ. ನವಶಿಲಾಯುಗದ ದನಗಾಹಿಗಳು ಒಟ್ಟಿದ ಸಗಣಿ ಸುಟ್ಟು ಆದ ರಾಶಿ ಅವು ಎಂದು ಪುರಾತತ್ವದವರು ಕಂಡುಕೊಂಡಿದ್ದಾರೆ. ಯಾಕೆ ಸುಟ್ಟರು ಎಂಬುದರ ಚರ್ಚೆ ಇನ್ನೂ ಮುಗಿದಿಲ್ಲ. ನಾಲ್ಕು ಸಾವಿರ ವರ್ಷದ ಹಿಂದೆಯೇ ಈ ಸೀಮೆಯಲ್ಲಿ ದನ, ಸಗಣಿ, ಮಕ್ಕಳು ಒಂದೇ ಅಂಗಳದಲ್ಲಿದ್ದರು ಎಂಬುದಂತೂ ಖರೆ.

ಕುರುಗೋಡಿನಲ್ಲಿ, ದೊಡ್ಡಬಸವೇಶ್ವರ ಗುಡಿಗೆ ಹೋಗುವ ದಾರಿಯ ಒಂದು ಓಣಿ. ಕೋಳಿಗಳಿಗೆ ರಾಣಿಖೇತ್ ರೋಗದ ಲಸಿಕೆ ಹಾಕಲು ಹೋಗಿದ್ದೆ. ಅಂಗಳದಲ್ಲಿ ಒಂಬತ್ತು ತಿಂಗಳ ಗಂಡುಕೂಸು ಕೂತಿತ್ತು. ಮುಂದೆ ಚೆಲ್ಲಿದ ಮಂಡಕ್ಕಿ. ಒಂದು ಕಾಳು ಕೋಳಿ ಕುಕ್ಕಿದರೆ ಇನ್ನೊಂದು ಕಾಳು ಕೂಸು ಹೆಕ್ಕಿ ಬಾಯಿಗಿಡುತ್ತಿತ್ತು. ಆ ಬೆರಳಿನ ಪಕ್ಕದಲ್ಲೇ ಕೋಳಿಯ ಹಿಕ್ಕೆ, ಇನ್ನೂ ಹಸಿ. ತಾಯಿಗೆ ಹೇಳಿದೆ. ಅವಳು ನಕ್ಕಳು: "ಕೋಳಿ ತಿಂದು ಚೆಂದಾಗೈತಲ್ಲ ಸಾರ್, ಕೂಸಿಗೇನಾಗ್ತೈತಿ?"

ಅದೇ ಕಷ್ಟ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ಸೂಕ್ಷ್ಮಾಣುಗಳನ್ನು ಹೊತ್ತ ಕೋಳಿ ಎಷ್ಟೋ ಸಲ ಗುಂಡುಕಲ್ಲಿನ ಹಾಗಿರುತ್ತದೆ. ಭೇದಿಯಾಗುವುದು ಕೂಸಿಗೆ. ಅಲ್ಲಿಯೇ ಕೋಳಿ ಮುಚ್ಚುವ ಬುಟ್ಟಿ ಬೋರಲಾಗಿತ್ತು. "ಕೂಸು ನೆಲದ ಮೇಲಿರೋ ತನಕ ಕೋಳಿ ಬುಟ್ಟಿಯೊಳಗಿರ್ಲಿ, ಕೋಳಿ ಹೊರಗಿದ್ರೆ ಕೂಸು ಚಾಪೆ ಮೇಲಿರ್ಲಿ" ಅಂದೆ. ಅವಳು ಸಿರುಗುಪ್ಪದ ಅಕ್ಕಿ ಗಿರಣಿಯ ನಾಲ್ಕು ಖಾಲಿ ಚೀಲ ಬಿಚ್ಚಿ, ಜೋಡಿಸಿ ಹೊಲಿದು ಹಾಸಿದಳು. ಕೊಳೆಯಾದರೆ ಒಗೆಯಬಹುದು, ಅರ್ಧ ಗಂಟೆಯಲ್ಲಿ ಒಣಗುತ್ತದೆ. ಇಷ್ಟು ಅಗ್ಗದ, ಇಷ್ಟು ಕೆಲಸಕ್ಕೆ ಬರುವ ಸಾಧನವನ್ನು ನಾನು ಬೇರೆ ಕಂಡಿಲ್ಲ.

ಸಿರುಗುಪ್ಪದ ಗದ್ದೆ ಸೀಮೆಯಲ್ಲಿ ಇನ್ನೊಂದು ನೋಟ. ಮಳೆಗಾಲದಲ್ಲಿ ಹೊರಗೆ ಕೆಸರು ಅಂತ ಆಡಿನ ಮರಿಗಳನ್ನು ಒಳಗೆ, ತೊಟ್ಟಿಲ ಕೆಳಗೇ ಕಟ್ಟುತ್ತಾರೆ. ಆಡು ಕಂದು ಹಾಕಿದರೆ ಬರಿಗೈಯಲ್ಲಿ ಬಳಿದು, ಸೆರಗಿಗೆ ಕೈ ಒರೆಸಿ, ಅಳುವ ಕೂಸನ್ನು ಎತ್ತಿಕೊಳ್ಳುತ್ತಾರೆ. ಬ್ರುಸೆಲ್ಲೋಸಿಸ್ ಎಂಬ ರೋಗ ಹೀಗೂ ಬರುತ್ತದೆ, ಹಸಿ ಹಾಲಿನಿಂದಲೂ ಬರುತ್ತದೆ. ಆಡಿನ ಹಸಿ ಹಾಲು ಕೂಸಿಗೆ ಬಲ ಎಂಬ ಮಾತನ್ನು ದಯವಿಟ್ಟು ಬಿಡಿ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ. ಆಮೇಲೂ ಮನೆಗೆ ಬರುವ ಹಾಲು ಯಾವುದೇ ಆಗಲಿ, ಉಕ್ಕಿ ಬರುವಂತೆ ಕಾಯಲಿ.

ಸಗಣಿಯ ಮಾತೂ ಇಷ್ಟೇ. ಸಾರಿಸಿದ ನೆಲ ನೋಡಲು ಚೆಂದ, ಆದರೆ ಹಸಿ ಸಗಣಿಯಲ್ಲಿ ಭೇದಿಯ ಸೂಕ್ಷ್ಮಾಣುಗಳಿರುತ್ತವೆ. ಕೂಸು ಹರಿದಾಡುವ ಜಾಗಕ್ಕೆ ಅದು ಬೇಡ. ಹೊಕ್ಕುಳಿಗಂತೂ ಸಗಣಿ, ಬೂದಿ, ಎಣ್ಣೆ ಏನೂ ಸೋಕಬಾರದು. ಒಂದು ಕಾಲಕ್ಕೆ ಹಸುಗೂಸುಗಳನ್ನು ಒಯ್ಯುತ್ತಿದ್ದ ಧನುರ್ವಾಯು ಹೊಕ್ಕುಳಿನಿಂದಲೇ ಒಳಹೊಗುತ್ತಿತ್ತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲ ಮಾಡಿದ ದೇಶವೆಂದು ಭಾರತಕ್ಕೆ ಮನ್ನಣೆ ಸಿಕ್ಕಿದ್ದು 2015ರಲ್ಲಿ.

ಎರಡು ಬಕೆಟ್ ನೀರಿನ ಮನೆ

ನಮ್ಮ ಊರಲ್ಲಿ ನಲ್ಲಿ ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮು, ತೊಟ್ಟಿ, ಕೊಡ ಎಲ್ಲಾ ತುಂಬಿಡಬೇಕು. ಹತ್ತು ಸಲ ಕೈ ತೊಳೆಯಿರಿ ಎಂದು ಬರೆಯುವವರಿಗೆ ಇದು ಗೊತ್ತಿರಬೇಕು. ಇರುವ ನೀರನ್ನು ಯಾವಾಗ ಖರ್ಚು ಮಾಡಬೇಕು ಎಂಬುದೇ ಪ್ರಶ್ನೆ. ನನ್ನ ಲೆಕ್ಕ ಹೀಗಿದೆ: ಪ್ರಾಣಿಯ ಹೇಲು ಉಚ್ಚೆ ಬಳಿದ ಮೇಲೆ, ಕೂಸಿನ ಕುಂಡಿ ತೊಳೆದ ಮೇಲೆ, ಕೂಸಿಗೆ ಉಣಿಸುವ ಮುಂಚೆ, ಈ ಮೂರು ಸಲ ಸೋಪು ಹಚ್ಚಿ 20 ಸೆಕೆಂಡ್ ಉಜ್ಜಲೇಬೇಕು. ಉಜ್ಜುವಾಗ ನಲ್ಲಿ ಓಡಬೇಕಿಲ್ಲ, ಒಂದು ಚೊಂಬು ಸಾಕು. ಕೂಸಿನ ಅಂಗೈಯನ್ನೂ ಮರೆಯಬೇಡಿ. ಮನೆಯಲ್ಲಿ ನೆಲವನ್ನು ಅದಕ್ಕಿಂತ ಹೆಚ್ಚು ಮುಟ್ಟುವವರು ಯಾರೂ ಇಲ್ಲ.

ನೆಲಕ್ಕೆ ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ನಾಯಿ ಒಳಗೆ ಉಚ್ಚೆ ಹೊಯ್ದರೆ ಮೊದಲು ಹಳೇ ಬಟ್ಟೆಯಲ್ಲಿ ಹೀರಿಸಿ, ಸೋಪಿನ ನೀರಲ್ಲಿ ತೊಳೆದು, ಆಮೇಲೆ ಬೇಕಿದ್ದರೆ ತೆಳು ಬ್ಲೀಚಿಂಗ್ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಕೊಳೆಯ ಮೇಲೆಯೇ ಸುರಿದರೆ ಬ್ಲೀಚಿಂಗಿನ ಶಕ್ತಿ ಕೊಳೆಗೇ ಖರ್ಚಾಗುತ್ತದೆ. ಉಚ್ಚೆಯ ಮೇಲೆ ನೇರ ಸುರಿದರೆ ಕೆಟ್ಟ ಗಾಳಿ ಏಳುತ್ತದೆ. ಕಕ್ಕಸು ತೊಳೆಯುವ ಆಸಿಡ್ ಜೊತೆ ಅದನ್ನು ಎಂದೂ ಬೆರೆಸಬೇಡಿ, ಏಳುವುದು ಕ್ಲೋರಿನ್ ವಿಷಾನಿಲ. ನೆಲ ಒಣಗುವ ತನಕ ಕೂಸೂ ಬೆಕ್ಕೂ ಮಂಚದ ಮೇಲೆ. ರಾಜನ ನೀರಿನ ಬೋಗುಣಿಯನ್ನು ದಿನಾ ಚೆಲ್ಲಿ ಉಜ್ಜುತ್ತೇನೆ, ಡ್ರಮ್ಮನ್ನು ವಾರಕ್ಕೊಮ್ಮೆ. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ತೆಗೆದುಕೊಳ್ಳುವುದು ಸುಮಾರು ಏಳರಿಂದ ಹತ್ತು ದಿನ. ಅಲ್ಲೂ ಗೆಲ್ಲುವುದು ಗಡಿಯಾರವೇ.

ಹದಿನೈದು ನಿಮಿಷ

ಬೆಕ್ಕು ಕೂಸಿನ ಉಸಿರು ಹೀರುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹೀರುವುದಿಲ್ಲ. ತೊಟ್ಟಿಲು ಬೆಚ್ಚಗಿರುತ್ತದೆ ಅಂತ ಹತ್ತಿ ಮಲಗುತ್ತದೆ, ಮುಖದ ಹತ್ತಿರವೇ ಒರಗುತ್ತದೆ. ಕಾರಣ ಸುಳ್ಳಾದರೂ ಎಚ್ಚರ ಸರಿ. ಎಷ್ಟೇ ಸಾಧುವಾದರೂ ಪ್ರಾಣಿಯ ಜೊತೆ ಕೂಸನ್ನು ಒಂಟಿಯಾಗಿ ಬಿಡಬಾರದು. ನಾಯಿ ಉಣ್ಣುವಾಗ ಕೂಸು ಅದರ ತಟ್ಟೆಯ ಕಡೆ ಹರಿಯದಂತೆ ನೋಡಿಕೊಳ್ಳಿ.

ಕಚ್ಚಿದರೆ, ಪರಚಿ ರಕ್ತ ಬಂದರೆ, ತರಚಿದ ಗಾಯವನ್ನು ನೆಕ್ಕಿದರೆ ಸಹ, ಮೊದಲ ಕೆಲಸ ಹರಿಯುವ ನೀರು ಮತ್ತು ಸೋಪಿನಲ್ಲಿ ಪೂರ್ತಿ 15 ನಿಮಿಷ ತೊಳೆಯುವುದು. ನೀರಿಲ್ಲದ ಊರಲ್ಲಿ ಇದಕ್ಕೆ ಮಾತ್ರ ಜಿಪುಣತನ ಬೇಡ, ಡ್ರಮ್ಮು ಖಾಲಿಯಾದರೂ ಆಗಲಿ. ನಮ್ಮ ಕಡೆ ಮೆಣಸಿನಪುಡಿ, ಸುಣ್ಣ, ಅರಿಶಿನ ಮೆತ್ತುತ್ತಾರೆ. ಅವು ಗಾಯ ಕೆರಳಿಸುತ್ತವೆ, ರೇಬೀಸ್ ವೈರಾಣುವನ್ನು ತೊಳೆಯುವುದಿಲ್ಲ. ತೊಳೆದು ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ, ಲಸಿಕೆ ಅಂದೇ ಶುರುವಾಗಬೇಕು, ಹೇಳಿದ ಅಷ್ಟೂ ದಿನ ತಪ್ಪದೆ ಮುಗಿಯಬೇಕು. ಆಳದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ಕೇಳಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತು ಬಾರದ ಕೂಸು ಕಚ್ಚಿಸಿಕೊಂಡರೂ ಹೇಳಲಾರದು. ಸಂಜೆ ಮೈ ತೊಳೆಸುವಾಗ ಕೈಕಾಲು ತಿರುವಿ ನೋಡುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ಹಾಗಾದರೆ ನಾಯಿಯನ್ನು ಬಿಟ್ಟು ಬರೋಣವೇ ಎಂದು ಅಳಿಯ ಕೇಳಿದ್ದ. ಬೇಡ ಅಂದೆ. ಫಿನ್ಲೆಂಡಿನಲ್ಲಿ 397 ಕೂಸುಗಳನ್ನು ಮೊದಲ ವರ್ಷವಿಡೀ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿಯಿದ್ದ ಮನೆಯ ಕೂಸುಗಳಿಗೆ ಉಸಿರಾಟದ ಸೋಂಕು, ಕಿವಿಯ ಸೋಂಕು ಕಡಿಮೆ ಕಂಡಿತ್ತು. ಅಲ್ಲಿನ ನಾಯಿಗಳಿಗೂ ನಮ್ಮ ಬೀದಿಯ ರಾಜನಿಗೂ ಅಂತರ ಇದೆ, ಒಪ್ಪುತ್ತೇನೆ. ಆ ಅಂತರವನ್ನು ತುಂಬುವುದು ಲಸಿಕೆ ಮತ್ತು ಹುಳುಮಾತ್ರೆ. ಮರಿಗೆ ಎರಡು ವಾರವಾದಾಗಿನಿಂದ ಹುಳುವಿನ ಔಷಧ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷ ವರ್ಷ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ದಿನದ ಕೆಳಗೇ ರಾಜನ ರೇಬೀಸ್ ಲಸಿಕೆ, ಚಿನ್ನಿಯ ಹುಳುಮಾತ್ರೆಯ ತಾರೀಖು ಬರೆದಿದೆ. ನಿಮ್ಮ ಮನೆಯಲ್ಲೂ ಕೂಸು ಮತ್ತು ಪ್ರಾಣಿ ಒಟ್ಟಿಗಿದ್ದರೆ, ಫಿನಾಯಿಲ್ ತರಲು ಅಂಗಡಿಗೆ ಹೋಗುವ ಮುಂಚೆ ಒಂದು ಪೆನ್ನು ಹುಡುಕಿ. ಕೊನೆಯ ಹುಳುಮಾತ್ರೆ ಕೊಟ್ಟದ್ದು ಯಾವಾಗ ಎಂದು ನೆನಪಾಗದಿದ್ದರೆ, ನಾಳೆಯೇ ಪಶು ಆಸ್ಪತ್ರೆಗೆ ಹೋಗಿ ಬನ್ನಿ.